ಮನೆಯ ಪ್ರಯೋಗದ ಮೇಜಿಗೊಂದು ಪವರ್ ಸಪ್ಲೈ

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯೊಂದರಲ್ಲಿ ಕೋಣೆ ಹಿಡಿದು ಓದುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನು, ತಿಕೋಟಾ ಕಡೆಯಲ್ಲಿರುವ ತನ್ನ ಮನೆಯವರ ದ್ರಾಕ್ಷಿ ತೋಟಕ್ಕೆಂದು ಮಣ್ಣಿನ ತೇವವನ್ನು ಅಳೆಯುವ ಉಪಕರಣವೊಂದನ್ನು ಕಟ್ಟುತ್ತಿದ್ದನು. ಅದಕ್ಕೆ ಬೇಕಾಗಿದ್ದುದು ೧೨ ವೋಲ್ಟು, ಅರ್ಧ ಆಂಪಿಯರಿಗೂ ಕಡಮೆಯಾದ ಪ್ರವಾಹ. ಕೈಗೆ ಸಿಕ್ಕಿದುದು ಕಂಪ್ಯೂಟರಿನ ಹಳೆಯ ಯು.ಪಿ.ಎಸ್. ಪೆಟ್ಟಿಗೆಯಿಂದ ಬಿಚ್ಚಿದ ಬ್ಯಾಟರಿ. ಒಂದು ರಾತ್ರಿ ಬಿಡಿ ತಂತಿಯೊಂದು ಜಾರಿ ಬ್ಯಾಟರಿಯ ಎರಡು ಧ್ರುವಗಳ ನಡುವೆ ಬಿದ್ದಿತು. ತಂತಿಯ ಹೊದಿಕೆ ಕರಗಿ ಹೊಗೆಯೆದ್ದಿತು, ಬೆರಳಿಗೆ ಬೊಬ್ಬೆ ಬಂದಿತು, ಎರಡು ತಿಂಗಳ ಕೆಲಸ ಕರಿಯಾಯಿತು. "ಹನ್ನೆರಡು ವೋಲ್ಟ್ ಶಾಕ್ ಹೊಡಿಯಂಗಿಲ್ಲ ಅಂತ ನೀವ ಹೇಳಿದ್ರಲ್ರೀ ಸರ" ಎಂದು ಮರುದಿನ ಅವನು ನಮ್ಮನ್ನು ಕೇಳಿದನು.

ನಾವು ಹೇಳಿದುದು ಸುಳ್ಳಲ್ಲ. ಆದರೆ ಅರ್ಧವನ್ನು ಮಾತ್ರ ಹೇಳಿದ್ದೆವು. ೧೨ ವೋಲ್ಟು ಒಣಗಿದ ಚರ್ಮವನ್ನು ಭೇದಿಸಿ ಆಘಾತವನ್ನು ಕೊಡಲಾರದು. ಆದರೆ ಇಂಥ ಸೀಸ-ಆಮ್ಲದ ಬ್ಯಾಟರಿಯ ಒಳರೋಧ ಒಂದು ಓಮಿನ ನೂರರಲ್ಲಿ ಎರಡು ಮೂರು ಪಾಲು ಮಾತ್ರ. ಓಮನ ನಿಯಮದಂತೆ ೧೨ನ್ನು ೦.೦೩ರಿಂದ ಭಾಗಿಸಿದರೆ ೪೦೦ ಆಂಪಿಯರ್ ಬರುತ್ತದೆ. ತಂತಿಯ ರೋಧವೂ ಜೊತೆಗೂಡುವುದರಿಂದ ಅಷ್ಟು ಹರಿಯದೆ ಇರಬಹುದು. ನೂರನ್ನು ದಾಟಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಕೆಲಸ ಕೆಡಿಸಿದ್ದು ವೋಲ್ಟಲ್ಲ, ತಡೆಯಿಲ್ಲದ ಪ್ರವಾಹ.

ಬೆಂಚ್ ಪವರ್ ಸಪ್ಲೈ ಎಂದು ಅಂಗಡಿಯಲ್ಲಿ ಕರೆಯುವ ಪೆಟ್ಟಿಗೆಯ ನಿಜವಾದ ಬೆಲೆ ಇಲ್ಲಿದೆ. ಅದರ ಮುಖದ ಮೇಲೆ ಎರಡು ತಿರುಗುಗುಂಡಿಗಳಿರುತ್ತವೆ. ಒಂದು ವೋಲ್ಟನ್ನು ನಿಶ್ಚಯಿಸುತ್ತದೆ. ಇನ್ನೊಂದು ಪ್ರವಾಹದ ಮೇರೆಯನ್ನು. ಹೊರಗೆ ಹೋಗುವ ಪ್ರವಾಹವೆಲ್ಲವೂ ಒಳಗಿರುವ ಒಂದು ಅತಿ ಸಣ್ಣ ರೋಧಕದ ಮೂಲಕ ಹಾದುಹೋಗುತ್ತದೆ. ಅದರ ಎರಡು ತುದಿಗಳ ನಡುವಣ ವೋಲ್ಟನ್ನು ಪೆಟ್ಟಿಗೆ ಸದಾ ಅಳೆಯುತ್ತಿದ್ದು, ಪ್ರವಾಹ ಮೇರೆಯನ್ನು ಮುಟ್ಟಿದೊಡನೆ ಹೊರಗಣ ವೋಲ್ಟನ್ನು ತಾನಾಗಿ ಇಳಿಸುತ್ತದೆ. ೧೨ ವೋಲ್ಟು, ೦.೨ ಆಂಪಿಯರ್ ಎಂದು ಇಟ್ಟಿದ್ದೇವೆ ಎನ್ನೋಣ. ೧೨ನ್ನು ೦.೨ರಿಂದ ಭಾಗಿಸಿದರೆ ೬೦ ಓಮ್. ಜೋಡಿಸಿದ ವಸ್ತುವಿನ ರೋಧ ಇದಕ್ಕಿಂತ ಹೆಚ್ಚಾಗಿದ್ದರೆ ಮೊದಲನೆಯ ಗುಂಡಿಯ ಆಳ್ವಿಕೆ; ಕಡಮೆಯಾದರೆ ಎರಡನೆಯದರ ಆಳ್ವಿಕೆ. ನಮ್ಮ ಹುಡುಗನ ತಂತಿ ಈ ಪೆಟ್ಟಿಗೆಯ ಎರಡು ತುದಿಗಳಿಗೆ ಅಡ್ಡಬಿದ್ದಿದ್ದರೆ, ವೋಲ್ಟು ಹೆಚ್ಚುಕಡಮೆ ಸೊನ್ನೆಗೆ ಇಳಿದು ಒಂದು ಕೆಂಪು ದೀಪ ಹೊತ್ತುತ್ತಿತ್ತು, ಅಷ್ಟೆ.

ಇಲ್ಲಿ ಒಂದು ಮೋಸವುಂಟು. ಪೆಟ್ಟಿಗೆಯ ಹೊರತುದಿಗೆ ಅಡ್ಡಲಾಗಿ ಒಳಗೆ ಒಂದು ಧಾರಕವಿರುತ್ತದೆ. ೪೭೦ ಮೈಕ್ರೋಫ್ಯಾರಡಿನ ಧಾರಕವು ೩೦ ವೋಲ್ಟಿನಲ್ಲಿ ಸುಮಾರು ೦.೨ ಜೂಲ್ ಶಕ್ತಿಯನ್ನು ಕೂಡಿಟ್ಟಿರುತ್ತದೆ. ಈ ಶಕ್ತಿ ಮೇರೆಯ ಅಪ್ಪಣೆಯನ್ನು ಕೇಳುವುದಿಲ್ಲ. ವೋಲ್ಟನ್ನು ೩೦ರಲ್ಲಿಯೇ ಬಿಟ್ಟು, "ಮೇರೆ ೨೦ ಮಿಲಿ ಆಂಪಿಯರ್ ತಾನೆ" ಎಂದು ಪುಟ್ಟ ಎಲ್.ಇ.ಡಿ.ಯನ್ನು ತಗಲಿಸಿದರೆ ಅದು ಒಂದೇ ಮಿಂಚಿಗೆ ಸತ್ತುಹೋಗುತ್ತದೆ. ಮೊದಲು ವೋಲ್ಟನ್ನು ತಗ್ಗಿಸಬೇಕು, ಬಳಿಕ ತಂತಿ ಜೋಡಿಸಬೇಕು.

ಎಷ್ಟು ದೊಡ್ಡದನ್ನು ಕೊಳ್ಳಬೇಕು? ೩೦ ವೋಲ್ಟು, ೩ ಆಂಪಿಯರ್ ಸಾಕೆಂಬುದು ನಮ್ಮ ಮತ. ಮೈಕ್ರೋಕಂಟ್ರೋಲರ್ ಹಲಗೆ ೩.೩ ಇಲ್ಲವೆ ೫ ವೋಲ್ಟು ಕೇಳುತ್ತದೆ, ರಿಲೇ ೧೨ ಕೇಳುತ್ತದೆ. ಪ್ರವಾಹ ಒಂದು ಆಂಪಿಯರನ್ನು ದಾಟುವುದು ಅಪರೂಪ. ೧೦ ಆಂಪಿಯರಿನ ಪೆಟ್ಟಿಗೆಗೆ ಹಣ ಸುರಿಯುವುದರ ಬದಲು, ಮಿಲಿ ಆಂಪಿಯರುಗಳನ್ನು ಸ್ಪಷ್ಟವಾಗಿ ತೋರಿಸುವ ಮೀಟರುಳ್ಳದ್ದನ್ನು ಆರಿಸುವುದು ಲೇಸು.

ಇನ್ನು ಎರಡು ಜಾತಿಗಳ ವಿಚಾರ. ಲೀನಿಯರ್ ಎಂಬುದು ಹೆಚ್ಚಿನ ವೋಲ್ಟನ್ನು ಟ್ರಾನ್ಸಿಸ್ಟರಿನಲ್ಲಿ ಸುಟ್ಟು ಕಳೆಯುತ್ತದೆ. ಒಳಗೆ ೩೬ ವೋಲ್ಟಿದ್ದು ಹೊರಗೆ ೫ ವೋಲ್ಟು, ೩ ಆಂಪಿಯರ್ ತೆಗೆದರೆ ನಮಗೆ ದೊರೆಯುವುದು ೧೫ ವಾಟ್, ಬಿಸಿಯಾಗಿ ಹೋಗುವುದು ೯೩ ವಾಟ್! ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಬದಲಿಸುವ ರಿಲೇ ಇದ್ದರೆ ಈ ನಷ್ಟ ತಗ್ಗುತ್ತದೆ. ಗುಂಡಿ ತಿರುಗಿಸುವಾಗ 'ಟಕ್' ಎಂದು ಕೇಳಿಸುವುದು ಅದೇ. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ನಮ್ಮ ಊರಿನ ಚಿಕ್ಕ ಕೋಣೆಯಲ್ಲಿ ಇದು ಸಣ್ಣ ಮಾತಲ್ಲ. ಸ್ವಿಚಿಂಗ್ ಜಾತಿಯದು ಪ್ರವಾಹವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸುತ್ತದೆ. ಆದುದರಿಂದ ಅದು ಹಗುರ, ತಂಪು, ಪುಸ್ತಕಗಳ ಸಾಲಿನಲ್ಲಿ ನಿಲ್ಲುವಷ್ಟು ಕಿರಿದು. ಆದರೆ ಹೊರಬರುವ ವೋಲ್ಟಿನ ಮೇಲೆ ಹತ್ತಾರು ಮಿಲಿವೋಲ್ಟುಗಳ ತರಂಗ ಉಳಿಯಬಹುದು. ರೇಡಿಯೊ, ಧ್ವನಿವರ್ಧಕಗಳನ್ನು ಕಟ್ಟುವವರಿಗೆ ಈ ಗೊಣಗಾಟ ಸಹಿಸದು; ಅವರು ಭಾರವನ್ನೂ ಬಿಸಿಯನ್ನೂ ಒಪ್ಪಿಕೊಂಡು ಲೀನಿಯರನ್ನೇ ತೆಗೆದುಕೊಳ್ಳಲಿ. ತೇವಮಾಪಕದಂಥ ಕೆಲಸಕ್ಕೆ ಸ್ವಿಚಿಂಗ್ ಧಾರಾಳವಾಗಿ ಸಾಕು. ಅದರ ಪಂಖದ ಕಿಂಡಿಯಲ್ಲಿ ತುಂಬುವ ಧೂಳನ್ನು ಆಗಾಗ್ಗೆ ತೆಗೆಯಬೇಕು.

ಸ್ವಿಚಿಂಗನ್ನು ಕೊಳ್ಳುವವರು ಮನೆಯ ಭೂಸಂಪರ್ಕವನ್ನು ಮೊದಲು ನೋಡಿಕೊಳ್ಳಬೇಕು. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಸಾಕೆಟ್ಟಿಗೆ ಮೂರನೆಯ ರಂಧ್ರವಿರುತ್ತದೆ, ಅದರ ಹಿಂದೆ ತಂತಿಯಿರುವುದಿಲ್ಲ. ಆಗ ಶೋಧಕ ಧಾರಕಗಳ ಮೂಲಕ ಪೆಟ್ಟಿಗೆಯ ಲೋಹದ ಕವಚವು ೨೩೦ ವೋಲ್ಟಿನ ಅರ್ಧದಷ್ಟಕ್ಕೆ ಏರಬಲ್ಲದು. ಹರಿಯುವುದು ಒಂದು ಮಿಲಿ ಆಂಪಿಯರಿನ ಅಲ್ಪಾಂಶ. ಬೆರಳು ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ಸೂಕ್ಷ್ಮವಾದ ಟ್ರಾನ್ಸಿಸ್ಟರುಗಳನ್ನು ಕೊಲ್ಲಲು ಅದು ಸಾಲುತ್ತದೆ. ಒಳಗೆ ಏನಾದರೂ ಸಡಿಲಿ ಮೇನ್ಸ್ ತಂತಿಯೇ ಕವಚಕ್ಕೆ ತಗಲಿದರಂತೂ ಮನುಷ್ಯನ ಪ್ರಾಣಕ್ಕೇ ಅಪಾಯ. ಸಾಕೆಟ್ಟನ್ನು ಬಲ್ಲ ಮಿಸ್ತ್ರಿಯಿಂದ ಪರೀಕ್ಷೆ ಮಾಡಿಸಿರಿ. ಮೂರನೆಯ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ತುರುಕಬೇಡಿರಿ.

ಅಂಗಡಿಯಲ್ಲಿ ಕೊಳ್ಳುವಾಗ ೫ ವೋಲ್ಟು, ೦.೧ ಆಂಪಿಯರ್ ಇಟ್ಟು ಎರಡು ತುದಿಗಳನ್ನು ತಂತಿಯಿಂದ ನೇರವಾಗಿ ಕೂಡಿಸಿರಿ. ಮೀಟರು ೦.೧ರಲ್ಲಿಯೇ ನಿಲ್ಲಬೇಕು, ತಂತಿ ಬೆಚ್ಚಗಾಗಬಾರದು. ಬಳಿಕ ತಂತಿ ತೆಗೆದು ಮೇನ್ಸ್ ಸ್ವಿಚ್ಚನ್ನು ನಾಲ್ಕಾರು ಸಲ ಹಾಕಿ ಆರಿಸಿರಿ. ವೋಲ್ಟು ಒಮ್ಮೆಯೂ ೫ನ್ನು ಮೀರಿ ನೆಗೆಯಬಾರದು. ಅಂಗಡಿಯವರು ಹೀಗೆ ಮಾಡಲು ಬಿಡದಿದ್ದರೆ ಬೇರೊಂದು ಅಂಗಡಿಗೆ ಹೋಗುವುದು.