ಬೇಲಿಂಗ್ ಯಂತ್ರದ ಬಾಗಿಲಿಗೊಂದು ಸ್ವಿಚ್

ಕಾರ್ಕಳ ತಾಲ್ಲೂಕಿನ ನಿಟ್ಟೆಯ ಘಟಕವಿರಲಿ, ಬೆಂಗಳೂರಿನ ವಾರ್ಡ್‌ಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಿರಲಿ, ಒಣ ಕಸದ ವಹಿವಾಟು ಬಹುಪಾಲು ಬೇಲಿಂಗ್ ಯಂತ್ರವನ್ನು ನೆಚ್ಚಿಕೊಂಡಿದೆ. ಬಿಡಿಯಾಗಿ ತುಂಬಿದರೆ ಲಾರಿಯಲ್ಲಿ ಪ್ಲಾಸ್ಟಿಕ್‌ಗಿಂತ ಗಾಳಿಯೇ ಹೆಚ್ಚು. ಅದುಮಿ ಕಟ್ಟಿದಾಗಷ್ಟೇ ಮರುಬಳಕೆ ಕಾರ್ಖಾನೆಗೋ ಸಿಮೆಂಟ್ ಗೂಡಿಗೋ ಸಾಗಿಸುವ ಖರ್ಚು ಗಿಟ್ಟುತ್ತದೆ. ಹೀಗಾಗಿ ಹಳ್ಳಿಯ ಸ್ವಸಹಾಯ ಸಂಘದ ಮಹಿಳೆಯರೂ ಈಗ ಹೈಡ್ರಾಲಿಕ್ ಪ್ರೆಸ್‌ಗಳ ಬಳಿ ದುಡಿಯುತ್ತಿದ್ದಾರೆ. ಹನ್ನೆರಡೂವರೆ ಸೆಂಟಿಮೀಟರ್ ವ್ಯಾಸದ ಸಿಲಿಂಡರಿಗೆ ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡದಲ್ಲಿ ಎಣ್ಣೆ ನುಗ್ಗಿದರೆ ಒತ್ತುಹಲಗೆಗೆ ಸಿಗುವ ಬಲ 18 ಟನ್ ದಾಟುತ್ತದೆ. ಅದರ ಕೆಳಗಿರುವುದು ರಟ್ಟೋ ಮುಂಗೈಯೋ ಯಂತ್ರಕ್ಕೆ ತಿಳಿಯದು. ಇಂಥ ಯಂತ್ರದ ಸುರಕ್ಷತೆಯನ್ನು ಗೋಡೆಯ ಫಲಕಕ್ಕೂ ಅರ್ಧ ದಿನದ ತರಬೇತಿಗೂ ಬಿಟ್ಟು ಕೂರುವುದು ತಪ್ಪು. ಯಂತ್ರ ಕೊಳ್ಳುವಾಗಲೇ, ಖರೀದಿ ಆದೇಶದಲ್ಲೇ ಅದು ತೀರ್ಮಾನವಾಗಬೇಕು.

ಅಪಾಯ ಎಲ್ಲಿದೆ ಎಂದು ಹತ್ತಿರದಿಂದ ನೋಡಿದರೆ ಕಾರಣ ಗೊತ್ತಾಗುತ್ತದೆ. ಎಲ್ಲವೂ ಸರಾಗವಾಗಿ ನಡೆದಾಗ ಯಾರೂ ಒಳಗೆ ಕೈ ಹಾಕುವುದಿಲ್ಲ. ಹಾಕುವುದು ಚೀಲದ ತುಂಡೊಂದು ಹಲಗೆಯ ಅಂಚಿಗೆ ಸಿಕ್ಕಿಕೊಂಡಾಗ, ತಂತಿ ತೂರಿಸುವ ಸಂದು ಮುಚ್ಚಿಹೋದಾಗ. ಮೋಟಾರು ಓಡುತ್ತಲೇ ಇರುತ್ತದೆ, ಲಿವರ್ ಬಳಿ ಇನ್ನೊಬ್ಬರು ನಿಂತಿರುತ್ತಾರೆ. ‘ಆಯ್ತಾ?’ ಎಂಬ ಪ್ರಶ್ನೆ ಆ ಸದ್ದಿನಲ್ಲಿ ‘ಆಯ್ತು’ ಎಂದು ಕೇಳಿಸಿದರೆ ಸಾಕು. ಮೋಟಾರು ಆರಿಸಿದರೂ ಅಪಾಯ ಪೂರ್ತಿ ತಪ್ಪದು; ಎಣ್ಣೆಯಲ್ಲಿ ಒತ್ತಡ ಉಳಿದಿರುತ್ತದೆ, ಮೇಲೆತ್ತಿದ ಹಲಗೆ ಆಧಾರವಿಲ್ಲದಿದ್ದರೆ ತನ್ನ ಭಾರಕ್ಕೇ ಇಳಿಯಬಹುದು. ಅದುಮಿಸಿಕೊಂಡ ಸರಕು ಬಾಗಿಲನ್ನು ಒಳಗಿನಿಂದ ದೂಡುತ್ತಿರುತ್ತದೆ. ಅಗಳಿ ತೆಗೆದ ಕೂಡಲೇ ಆ ಕಬ್ಬಿಣದ ಬಾಗಿಲು ಎದುರು ನಿಂತವರ ಎದೆಗೆ ಬಡಿಯುತ್ತದೆ. ಬಿಗಿದ ತಂತಿ ಹರಿದರೆ ನೇರ ಮುಖಕ್ಕೆ ಚಿಮ್ಮುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್, ಕಸ ಅದುಮುವ ಮತ್ತು ಬೇಲ್ ಕಟ್ಟುವ ಯಂತ್ರಗಳ ಸಾವುನೋವಿನ ಬಗ್ಗೆಯೇ 2003ರಲ್ಲಿ ಪ್ರತ್ಯೇಕ ಎಚ್ಚರಿಕೆ ಹೊರಡಿಸಿತ್ತು. ಅಲ್ಲಿ 18 ತುಂಬದವರು ಕಾಗದದ ಬೇಲರ್ ನಡೆಸುವಂತಿಲ್ಲ.

ಇದಕ್ಕೆ ಪರಿಹಾರ ಹೊಸದೇನಲ್ಲ. ಬಾಗಿಲು ತೆರೆದರೆ ಒತ್ತುಹಲಗೆ ಚಲಿಸದಂತೆ ತಡೆಯುವ ಲಿಮಿಟ್ ಸ್ವಿಚ್, ಕೈ ಬಿಟ್ಟ ಕ್ಷಣ ನಿಲ್ಲುವ ಲಿವರ್, ತಿರುಗಿಸುತ್ತ ನಿಧಾನಕ್ಕೆ ಸಡಿಲಿಸುವ ಚಕ್ರದ ಅಗಳಿ, ಕೈಗೆಟುಕುವಲ್ಲಿ ತುರ್ತು ನಿಲುಗಡೆ ಗುಂಡಿ, ಬೀಗ ಹಾಕಬಹುದಾದ ಮೇನ್ ಸ್ವಿಚ್. ಸಿಕ್ಕಿದ್ದನ್ನು ಬಿಡಿಸುವ ಮೊದಲು ಹಲಗೆಯನ್ನು ಪೂರ್ತಿ ಇಳಿಸಬೇಕು. ಇಳಿಯದಿದ್ದರೆ ಗಟ್ಟಿ ಆಧಾರ ಕೊಡಬೇಕು. ಮೇನ್ ಆರಿಸಿ ಬೀಗ ಜಡಿದು, ಕೀಲಿಯನ್ನು ಒಳಗೆ ಕೈ ಹಾಕುವವರೇ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಮೇಲ್ವಿಚಾರಕರ ಮೇಜಿನ ಮೇಲಿರುವ ಕೀಲಿಯಿಂದ ಪ್ರಯೋಜನವಿಲ್ಲ.

ಕಾನೂನು ಇದೆಯಲ್ಲ ಎನ್ನಬಹುದು. ಇದೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಅಪಾಯಕಾರಿ ಭಾಗಗಳಿಗೆ ಭದ್ರ ಕವಚ ಕಡ್ಡಾಯ ಮಾಡಿತ್ತು. 22ನೇ ಕಲಂ, ಓಡುವ ಯಂತ್ರವನ್ನು ಪರೀಕ್ಷಿಸುವವರಿಗೆ ಮೈಗೆ ಅಂಟುವ ಉಡುಪು ಕೊಡಬೇಕೆಂದಿತ್ತು. ಸೀರೆಯ ಸೆರಗು, ದುಪಟ್ಟಾಗಳ ನಡುವೆಯೇ ಪ್ರೆಸ್ ಓಡುವ ನಮ್ಮ ಘಟಕಗಳಲ್ಲಿ ಈ ಮಾತು ಇವತ್ತಿಗೂ ನೆನಪಾಗಬೇಕು. ಆದರೆ ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಎನಿಸಿಕೊಳ್ಳಲು ಆ ಕಾಯ್ದೆಯಲ್ಲಿ ಹತ್ತು ಮಂದಿ ಕಾರ್ಮಿಕರಿರಬೇಕಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿದೆ. ಐದಾರು ಮಂದಿ ದುಡಿಯುವ ಕೇಂದ್ರದ ಬಾಗಿಲಿಗೆ ಕಾರ್ಖಾನೆ ತಪಾಸಣೆ ಬರುತ್ತದೆಂದು ನಂಬಿ ಕೂರುವಂತಿಲ್ಲ. ಆದರೆ ಈ ಯಂತ್ರಗಳಲ್ಲಿ ಎಷ್ಟೋ ಸಾರ್ವಜನಿಕ ಹಣದಲ್ಲಿ, ಟೆಂಡರ್ ಮೂಲಕ ಬರುತ್ತವೆ. ತಪಾಸಣೆ ತಲುಪದ ಕಡೆಗೂ ಟೆಂಡರಿನ ಷರತ್ತು ತಲುಪುತ್ತದೆ.

ಬೆಲೆ ಏರುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಏರುತ್ತದೆ, ನಿಜ. ಆದರೆ ಪಂಪು, ಸಿಲಿಂಡರು, ದಪ್ಪ ಉಕ್ಕಿನ ಚೌಕಟ್ಟಿಗೆ ಹೋಲಿಸಿದರೆ ಬಾಗಿಲಿನ ಸ್ವಿಚ್ಚು ಅಗ್ಗದ ಭಾಗ. ಅದನ್ನು ಬಿಟ್ಟು ಉಳಿಸಿದ ಹಣದ ಬಾಕಿಯನ್ನು ತೀರಿಸುವವರು ದಿನಗೂಲಿಯ ಹೆಣ್ಣುಮಕ್ಕಳು. ಕಾರ್ಮಿಕರೇ ಆ ಸ್ವಿಚ್ಚಿಗೆ ತಂತಿ ಕಟ್ಟಿ ನಿಷ್ಕ್ರಿಯ ಮಾಡುತ್ತಾರೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು, ಏಕೆಂದರೆ ಅದರಲ್ಲಿ ಸತ್ಯವಿದೆ. ಆದರೆ ಏಕೆ ಕಟ್ಟುತ್ತಾರೆ? ಕೂಲಿ ಕೆ.ಜಿ. ಲೆಕ್ಕದಲ್ಲಿದ್ದರೆ ಯಂತ್ರ ನಿಂತ ಪ್ರತಿ ನಿಮಿಷವೂ ಅವರ ಜೇಬಿನಿಂದ ಹೋಗುತ್ತದೆ. ಬೀಗ ಹಾಕಿ, ಬಿಡಿಸಿ, ಮತ್ತೆ ಚಾಲೂ ಮಾಡುವ ಹೊತ್ತನ್ನೂ ಕೆಲಸವೆಂದೇ ಎಣಿಸಿ ಕೂಲಿ ಕೊಟ್ಟರೆ ತಂತಿ ಕಟ್ಟುವ ಒತ್ತಾಯ ಕಡಿಮೆಯಾಗುತ್ತದೆ. ಇದು ತರಬೇತಿಗಿಂತ ದೊಡ್ಡ ಮಾತು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗಾಗಲೇ ಓಡುತ್ತಿರುವ ಯಂತ್ರಗಳಿಗೂ ಬಾಗಿಲಿನ ಸ್ವಿಚ್ಚನ್ನು ನಂತರ ಕೂಡಿಸಲು ಸಾಧ್ಯವಿದೆ. ಪಂಚಾಯಿತಿಗಳೂ ನಗರ ಸಂಸ್ಥೆಗಳೂ ತಮ್ಮ ಯಂತ್ರಗಳ ಪಟ್ಟಿ ಮಾಡಿ, ಬಾಗಿಲು ತೆರೆದಾಗ ಹಲಗೆ ಇಳಿಯುತ್ತದೆಯೇ ಎಂದು ಬಲ್ಲ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಲಿ. ಇಳಿಯುವ ಯಂತ್ರಕ್ಕೆ ಸ್ವಿಚ್ ಕೂಡಿಸುವವರೆಗೆ ಅದನ್ನು ನಿಲ್ಲಿಸಲಿ, ಆ ದಿನಗಳ ಕೂಲಿಯನ್ನೂ ಕೊಡಲಿ.