ಹೇಳಿದ ಮಾತೂ ಕೇಳಿದ ಮಾತೂ: ಇಲಾಖೆಯ ಸಿಬ್ಬಂದಿಗೆ ಶಿಕ್ಷಣ ಶಿಬಿರಗಳ ಉಪಯೋಗ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವು ತಕ್ಕ ಮದ್ದೆಂಬುದು ಮಲೆನಾಡಿನ ರೈತರಿಗೆ ಹೊಸ ಸಂಗತಿಯಲ್ಲ. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಈ ರೋಗವನ್ನು ಪರಿಶೋಧಿಸಿ 1910ರಲ್ಲಿಯೇ ವರದಿಯನ್ನು ಪ್ರಕಟಿಸಿದ್ದರು. ಶೇಕಡಾ ಒಂದರ ದ್ರಾವಣಕ್ಕೆ ಬೇಕಾದುದು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಇಷ್ಟು ಸರಳವಾದ ವಿಷಯದಲ್ಲಿಯೂ ಒಂದು ತೋಟದ ಫಸಲು ಕೆಟ್ಟುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಟ್ಟದ್ದು ಮದ್ದಿನ ದೋಷದಿಂದಲ್ಲ, ನನ್ನ ಮಾತಿನ ದೋಷದಿಂದ.

ನಾನು ಕೆಲಸಕ್ಕೆ ಸೇರಿದ ಹೊಸತು. ಮಳೆಗಾಲವು ಹತ್ತಿರವಾಗಿದ್ದಿತು. ಅವಸರದಲ್ಲಿ ನನ್ನ ಸಹಾಯಕನಿಗೆ, "ಒಂದು, ಒಂದು, ನೂರು. ಅರ್ಥವಾಯಿತಷ್ಟೆ?" ಎಂದೆನು. ಆತನು "ಆಯಿತು ಸಾರ್" ಎಂದನು. ಅದನ್ನೇ ತೋಟದ ಆಳುಗಳಿಗೂ ಹೇಳಿದನು. ಅವರು ತುತ್ತವನ್ನೂ ಸುಣ್ಣವನ್ನೂ ಸ್ವಲ್ಪ ನೀರಿನಲ್ಲಿ ಒಟ್ಟಿಗೇ ಕದಡಿ, ಆಮೇಲೆ ಉಳಿದ ನೀರನ್ನು ಸುರಿದರು. ಐವತ್ತು ಲೀಟರಿನಲ್ಲಿ ತುತ್ತವನ್ನೂ ಮಿಕ್ಕ ಐವತ್ತರಲ್ಲಿ ಸುಣ್ಣವನ್ನೂ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕೆಂಬುದನ್ನು ನಾನು ಹೇಳಿರಲಿಲ್ಲ. ಅದು ಹೇಳಬೇಕಾದ ವಿಷಯವೆಂದೇ ನನಗೆ ತೋರಿರಲಿಲ್ಲ. ದ್ರಾವಣವು ಒಡೆದ ಹಾಲಿನಂತಾಗಿ ಪಂಪಿನ ಮೂತಿ ಕಟ್ಟಿಕೊಂಡಿತು. ಗೊನೆಗಳ ಮೇಲೆ ಬಿದ್ದಷ್ಟೂ ಜಡಿಮಳೆಗೆ ತೊಳೆದುಹೋಯಿತು. ಆಷಾಢದಲ್ಲಿ ಎಳೆಗಾಯಿಗಳು ಮರದ ಬುಡಗಳಲ್ಲಿ ಕೊಳೆತು ಬಿದ್ದಿದ್ದವು. ತೋಟದ ಯಜಮಾನರು ನನ್ನನ್ನು ಬಯ್ಯಲಿಲ್ಲ. ಮನೆಗೆ ಕರೆದು ಕಾಫಿ ಕೊಟ್ಟರು. ಬೈದಿದ್ದರೆ ಲೇಸಿತ್ತು.

ಬಹಳ ವರ್ಷಗಳ ತರುವಾಯ, ಕೈಕೆಳಗಿನವರಿಗೆ ಕೆಲಸವನ್ನು ತಿಳಿಸುವ ಕ್ರಮವನ್ನು ಕುರಿತ ಒಂದು ಶಿಕ್ಷಣ ಶಿಬಿರಕ್ಕೆ ನನ್ನನ್ನು ಕಳುಹಿಸಿದರು. ನಲವತ್ತು ದಾಟಿದವನಿಗೆ ಮಾತು ಕಲಿಸುವುದೇನಿದೆ ಎಂದು ಒಲ್ಲದ ಮನಸ್ಸಿನಿಂದಲೇ ಹೋದೆನು. ಶಿಕ್ಷಕರು ಹತ್ತು ಮಂದಿಗೂ ಒಂದೊಂದು ತುಂಡು ತಂತಿಯನ್ನು ಕೊಟ್ಟು, ವಿದ್ಯುದ್ದೀಪದ ತಂತಿಗೆ ಹಾಕತಕ್ಕ ಗಂಟೊಂದನ್ನು ಬರಿಯ ಬಾಯಿಮಾತಿನಲ್ಲಿ ವರ್ಣಿಸಿದರು. ಒಬ್ಬರಿಗೂ ಗಂಟು ಬೀಳಲಿಲ್ಲ. ಅನಂತರ ಮಾತನಾಡದೆ ಮಾಡಿ ತೋರಿಸಿದರು. ಆಗಲೂ ಇಲ್ಲ. ಮೂರನೆಯ ಸಾರಿ ಒಂದೊಂದೇ ಹಂತವನ್ನು ತೋರಿಸುತ್ತ, ಹೇಳುತ್ತ, ತಪ್ಪುವ ಜಾಗಕ್ಕೆ ಬೆರಳಿಟ್ಟು, ಬಳಿಕ ನಮ್ಮಿಂದಲೇ ಮಾಡಿಸಿ, ಹಾಗೇಕೆ ಮಾಡಬೇಕೆಂಬುದನ್ನು ನಮ್ಮ ಬಾಯಿಂದಲೇ ಹೇಳಿಸಿದರು. ನನಗೆ ಆ ಹಳೆಯ ತೋಟದ ನೆನಪಾಯಿತು.

ಈ ಪಾಠವು ಎರಡನೆಯ ಮಹಾಯುದ್ಧದ ಕಾಲದ್ದು. 1940ರಿಂದ 1945ರವರೆಗೆ ಅಮೆರಿಕಾ ದೇಶದ ಕಾರ್ಖಾನೆಗಳಿಗೆ ಹೊಸ ಕೆಲಸಗಾರರು ತಂಡೋಪತಂಡವಾಗಿ ಬಂದಾಗ, ಮೇಸ್ತ್ರಿಗಳಿಗೆ ಕಲಿಸುವ ಕ್ರಮವನ್ನು ಕಲಿಸಲು "ಟ್ರೈನಿಂಗ್ ವಿತಿನ್ ಇಂಡಸ್ಟ್ರಿ" ಎಂಬ ಏರ್ಪಾಡನ್ನು ಅಲ್ಲಿನ ಸರ್ಕಾರವು ನಡೆಯಿಸಿತು. ಹತ್ತು ಮಂದಿಯ ಗುಂಪು, ಎರಡೆರಡು ಗಂಟೆಗಳ ಐದು ಪಾಠ. ಕಲಿಯುವವನನ್ನು ಸಿದ್ಧಗೊಳಿಸುವುದು, ಕೆಲಸವನ್ನು ತೋರಿಸಿ ಹೇಳುವುದು, ಅವನಿಂದ ಮಾಡಿಸಿ ನೋಡುವುದು, ಆಮೇಲೂ ಹೋಗಿ ವಿಚಾರಿಸುವುದು ಎಂಬ ನಾಲ್ಕೇ ಹಂತ. ಎಂಬತ್ತು ಜನರನ್ನು ಕುಳ್ಳಿರಿಸಿ ಉಪನ್ಯಾಸ ಮಾಡಿ, ಊಟ ಹಾಕಿ, ಪ್ರಶಸ್ತಿಪತ್ರ ಹಂಚುವ ಸಭೆಯನ್ನು ಶಿಬಿರವೆಂದು ಕರೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಗಂಟು ಹಾಕುವವರು ಯಾರು?

ಈಗ ನಾನು "ಅರ್ಥವಾಯಿತೆ?" ಎಂದು ಯಾರನ್ನೂ ಕೇಳುವುದಿಲ್ಲ. ಆ ಪ್ರಶ್ನೆಗೆ "ಆಯಿತು" ಎಂಬುದೊಂದೇ ಉತ್ತರ. "ನಾಳೆ ಆಳುಗಳಿಗೆ ಹೇಗೆ ಹೇಳುವಿರಿ, ನನಗೊಮ್ಮೆ ಹೇಳಿ ತೋರಿಸಿರಿ" ಎನ್ನುತ್ತೇನೆ. ಹಿರಿಯ ಸಹಾಯಕರೊಬ್ಬರು ಇದರಿಂದ ಮೊದಮೊದಲು ಬೇಸರಪಟ್ಟುದುಂಟು. ಶಾಲೆಯ ಹುಡುಗನಂತೆ ಪಾಠ ಒಪ್ಪಿಸಬೇಕೆ ಎಂದರು. ತಪ್ಪಿದ್ದರೆ ಅದು ಹೇಳಿದ ನನ್ನದೆಂದು ತಿಳಿಸಿದ ಮೇಲೆ ಒಪ್ಪಿದರು. ಮೊಬೈಲಿನಲ್ಲಿ ಕಳುಹಿಸುವ ಆದೇಶಗಳಿಗೂ ಈ ಕ್ರಮವು ಬೇಕು. ಹೆಕ್ಟೇರಿಗೆಂದು ಬರೆದ ಪ್ರಮಾಣವನ್ನು ಎಕರೆಗೆಂದು ಓದಿಕೊಂಡರೆ ಮದ್ದು ಸುಮಾರು ಎರಡೂವರೆ ಪಟ್ಟು ಬೀಳುತ್ತದೆ.

ಹೋದ ಮಳೆಗಾಲಕ್ಕೆ ಮುಂಚೆ ಆ ಹಿರಿಯ ಸಹಾಯಕರು ಒಂದು ತೋಟದಲ್ಲಿ ಎರಡು ಪ್ಲಾಸ್ಟಿಕ್ ಪೀಪಾಯಿಗಳನ್ನಿಟ್ಟು ಆಳುಗಳಿಂದಲೇ ದ್ರಾವಣವನ್ನು ಮಾಡಿಸುತ್ತಿದ್ದರು. ಕಬ್ಬಿಣದ ಚಾಕುವನ್ನು ಅದ್ದಿ ತೆಗೆದರು, ಅಲಗು ಕೆಂಪಾಗಿದ್ದಿತು. ಏನು ಮಾಡಬೇಕೆಂದು ಅವರು ಕೇಳುವುದರೊಳಗೆ, ಆಳುಗಳಲ್ಲಿ ಕಿರಿಯವಳಾದ ಹೆಂಗಸು "ಸುಣ್ಣ ಸಾಲದು ಸ್ವಾಮಿ" ಎಂದು ಬೋಗುಣಿಯನ್ನು ಎತ್ತಿಕೊಂಡಳು.