ನಿಮಗಿದು ಗೊತ್ತೆ?: ಹ್ಯಾಂಗರ್ ಮೇಲಿನ ಬಣ್ಣದ ಬಿಲ್ಲೆ

ಬಟ್ಟೆ ಅಂಗಡಿಯ ಹ್ಯಾಂಗರ್‌ನಲ್ಲಿ ಕೊಕ್ಕೆಯ ಬುಡಕ್ಕೆ ಸಿಕ್ಕಿಸಿರುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಸೈಜಿನ ಗುರುತು. ಅನೇಕ ಮಳಿಗೆಗಳು ಎಸ್, ಎಂ, ಎಲ್‌ಗಳಿಗೆ ಒಂದೊಂದು ಬಣ್ಣ ಕೊಡುತ್ತವೆ. ಆದರೆ ಬಣ್ಣಗಳಿಗೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಒಂದು ಅಂಗಡಿಯ ಹಸಿರನ್ನು ನಂಬಿ ಇನ್ನೊಂದರಲ್ಲಿ ಕೈ ಹಾಕುವಂತಿಲ್ಲ. ತೂಗುಹಾಕಿದ ಉಡುಪುಗಳು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಚಿಕ್ಕದರಿಂದ ದೊಡ್ಡದಕ್ಕೆ ಸಾಗುತ್ತವೆ. ಮಡಿಸಿ ಪೇರಿಸಿದಲ್ಲಿ ಚಿಕ್ಕದು ಮೇಲೆ, ದೊಡ್ಡದು ಅಡಿಯಲ್ಲಿ. ಜೀನ್ಸ್ ಕಾಲಿನ ಉದ್ದಕ್ಕೆ ಅಂಟಿಸಿದ ಪಾರದರ್ಶಕ ಪಟ್ಟಿಯಲ್ಲಿ ಒಂದೇ ಸಂಖ್ಯೆ ಮತ್ತೆ ಮತ್ತೆ ಅಚ್ಚಾಗಿರುತ್ತದೆ: ಹೇಗೆ ಮಡಿಸಿದರೂ ಒಂದಾದರೂ ಹೊರಗೆ ಕಾಣಬೇಕಲ್ಲ!

ನಿಜವಾದ ಗೊಂದಲ ಶರ್ಟಿನದು. ಭಾರತದಲ್ಲಿ ಫಾರ್ಮಲ್ ಶರ್ಟಿನ ಮೇಲಿನ 39, 40, 42 ಬಹುಮಟ್ಟಿಗೆ ಕಾಲರಿನ ಸುತ್ತಳತೆ, ಅದೂ ಸೆಂಟಿಮೀಟರಿನಲ್ಲಿ. ಪಕ್ಕದಲ್ಲೇ ಇಟ್ಟ ಪ್ಯಾಂಟಿನ 32, 34 ಮಾತ್ರ ಸೊಂಟದ ಇಂಚು. ಎಸ್, ಎಂ, ಎಲ್ ಅಂತೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲು. ಇಲ್ಲಿನ ಕಂಪನಿಗಳು ಬಹುಕಾಲ ಅಮೆರಿಕ, ಬ್ರಿಟನ್‌ಗಳ ಅಳತೆಪಟ್ಟಿಯನ್ನೇ ತಿದ್ದಿ ಬಳಸಿದವು. ಭಾರತೀಯರ ಮೈಕಟ್ಟಿಗೆ ಹೊಂದುವ ಪಟ್ಟಿ ರೂಪಿಸಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ‘ಇಂಡಿಯಾಸೈಜ್’ ಯೋಜನೆ ಕೈಗೊಂಡಿತು. ಆರು ನಗರಗಳಲ್ಲಿ 15ರಿಂದ 65 ವರ್ಷದವರ ಮೈಯಳತೆಯನ್ನು ತ್ರೀಡಿ ಸ್ಕ್ಯಾನರ್‌ನಿಂದ ಪಡೆಯುವುದು ಅದರ ವಿಧಾನ.